ದೇಹದ ಕಾವಲುಗಾರರನ್ನು ಕಂಡುಹಿಡಿದ ಮೆಚ್ನಿಕಾಫ್

ಕಾಲಿಗೆ ಮುಳ್ಳು ಚುಚ್ಚಿದರೆ ಮರುದಿನ ಆ ಜಾಗ ಕೆಂಪಾಗಿ ಬಾತುಕೊಳ್ಳುತ್ತದೆ; ಮುಟ್ಟಿದರೆ ನೋಯುತ್ತದೆ; ಕೆಲವೊಮ್ಮೆ ಕೀವೂ ಕಟ್ಟುತ್ತದೆ. ಬರಿಗಾಲಿನಲ್ಲಿ ಗುಡ್ಡೆ ಗದ್ದೆಗಳಲ್ಲಿ ಓಡಾಡಿದ ಮಕ್ಕಳಿಗೆಲ್ಲ ಇದು ಗೊತ್ತು. ಆದರೆ ಆ ಕೀವು ಎಂದರೇನು, ಅದು ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಮುಖ ಮುಖ ನೋಡಿಕೊಳ್ಳುತ್ತೇವೆ. ಸುಮಾರು ನೂರನಲವತ್ತು ವರ್ಷಗಳ ಹಿಂದೆ ದೊಡ್ಡ ದೊಡ್ಡ ವೈದ್ಯರಿಗೂ ಈ ಪ್ರಶ್ನೆಗೆ ಸರಿಯಾದ ಉತ್ತರ ತಿಳಿದಿರಲಿಲ್ಲ. ಕೀವಿನಲ್ಲಿ ಬಿಳಿ ರಕ್ತಕಣಗಳಿವೆ ಎಂಬುದನ್ನು ಅವರು ನೋಡಿದ್ದರು. ಆ ಕಣಗಳೊಳಗೆ ರೋಗಾಣುಗಳಿರುವುದನ್ನೂ ಕಂಡಿದ್ದರು. ಆದರೆ ರೋಗಾಣುಗಳು ಆ ಕಣಗಳನ್ನೇ ವಾಹನ ಮಾಡಿಕೊಂಡು ಮೈಯೆಲ್ಲ ಹರಡುತ್ತವೆ ಎಂದು ಅವರಲ್ಲಿ ಅನೇಕರು ಭಾವಿಸಿದ್ದರು. ಅದು ಹಾಗಲ್ಲ, ಆ ಕಣಗಳು ರೋಗಾಣುಗಳನ್ನು ಹಿಡಿದು ನುಂಗುತ್ತಿವೆ, ಅವು ನಮ್ಮ ದೇಹದ ಕಾವಲುಗಾರರು ಎಂದು ಮೊದಲು ಸಾರಿ ಹೇಳಿದವನು ವೈದ್ಯನೇ ಅಲ್ಲ. ಸಮುದ್ರದ ಸಣ್ಣ ಜೀವಿಗಳನ್ನು ನೋಡುತ್ತ ಕುಳಿತಿದ್ದ ಒಬ್ಬ ಪ್ರಾಣಿಶಾಸ್ತ್ರಜ್ಞ. ಅವನೇ ಎಲೀ ಮೆಚ್ನಿಕಾಫ್.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮೆಚ್ನಿಕಾಫ್ 1845ರ ಮೇ ತಿಂಗಳಲ್ಲಿ, ಅಂದಿನ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಉಕ್ರೇನಿನಲ್ಲಿರುವ ಖಾರ್ಕೋವ್ ಪ್ರಾಂತದ ಒಂದು ಹಳ್ಳಿಯಲ್ಲಿ ಜನಿಸಿದನು. ತಂದೆ ಚಕ್ರವರ್ತಿಯ ಅಂಗರಕ್ಷಕ ಪಡೆಯಲ್ಲಿ ಅಧಿಕಾರಿಯಾಗಿದ್ದವನು. ತಾಯಿ ಎಮಿಲಿಯಾ ಯಹೂದಿ ಮನೆತನದವಳು, ವಿದ್ಯೆಯಲ್ಲಿ ಆಸಕ್ತಿಯುಳ್ಳವಳು. ಐವರು ಮಕ್ಕಳಲ್ಲಿ ಇವನೇ ಕಿರಿಯ. ಹುಡುಗನಿಗೆ ಗಿಡ, ಹುಳು, ಕೀಟಗಳೆಂದರೆ ಪಂಚಪ್ರಾಣ. ತಾನು ಕಂಡುದನ್ನು ಇತರ ಮಕ್ಕಳನ್ನು ಕೂರಿಸಿಕೊಂಡು ಪಾಠದಂತೆ ಹೇಳುತ್ತಿದ್ದನಂತೆ. ಕೇಳುವವರು ಎದ್ದು ಹೋಗದಿರಲೆಂದು ತನ್ನ ಕೈಖರ್ಚಿನ ಕಾಸನ್ನೇ ಅವರಿಗೆ ಕೊಡುತ್ತಿದ್ದನೆಂದೂ ಹೇಳುತ್ತಾರೆ.

ಖಾರ್ಕೋವ್ ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಅವನು ಎರಡೇ ವರ್ಷಗಳಲ್ಲಿ ಮುಗಿಸಿದನು. ಆಗ ಅವನಿಗೆ ಹತ್ತೊಂಬತ್ತು ವರ್ಷ. ಅನಂತರ ಜರ್ಮನಿ ಮತ್ತು ಇಟಲಿಗಳಿಗೆ ಹೋಗಿ ಸಮುದ್ರಜೀವಿಗಳನ್ನು ಅಭ್ಯಾಸ ಮಾಡಿದನು. 1865ರಲ್ಲಿ ಒಂದು ಬಗೆಯ ಚಪ್ಪಟೆ ಹುಳುವನ್ನು ಪರೀಕ್ಷಿಸುವಾಗ ಅದರ ಜೀವಕೋಶಗಳು ತಾವೇ ಆಹಾರದ ತುಣುಕುಗಳನ್ನು ಒಳಗೆಳೆದುಕೊಂಡು ಅರಗಿಸಿಕೊಳ್ಳುವುದನ್ನು ಕಂಡನು. ಹೊಟ್ಟೆ, ಕರುಳು ಎಂಬ ಪ್ರತ್ಯೇಕ ಅಂಗವಿಲ್ಲದೆಯೇ ಒಂದು ಕೋಶ ಉಣ್ಣಬಲ್ಲದು! ಆಗ ಇದು ಸಣ್ಣ ಸಂಗತಿಯಾಗಿ ತೋರಿತು. ಆದರೆ ಹದಿನೇಳು ವರ್ಷಗಳ ಬಳಿಕ ಅವನ ಕೀರ್ತಿಗೆ ಕಾರಣವಾದ ವಿಚಾರದ ಬೀಜ ಇಲ್ಲಿಯೇ ಇತ್ತು. 1867ರಲ್ಲಿ ಅವನು ರಷ್ಯಕ್ಕೆ ಮರಳಿ, ಹೊಸದಾಗಿ ಸ್ಥಾಪಿತವಾಗಿದ್ದ ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾದನು. ಅವನ ಶಿಷ್ಯರಲ್ಲಿ ಕೆಲವರು ಗುರುವಿಗಿಂತ ವಯಸ್ಸಿನಲ್ಲಿ ದೊಡ್ಡವರಾಗಿದ್ದರು.

ಕಷ್ಟದ ದಿನಗಳು

1869ರಲ್ಲಿ ಅವನು ಲುದ್ಮಿಲಾ ಎಂಬವಳನ್ನು ಮದುವೆಯಾದನು. ವಧುವಿಗೆ ಆಗಲೇ ಕ್ಷಯರೋಗ ಅಂಟಿತ್ತು. ನಡೆಯಲು ಶಕ್ತಿಯಿಲ್ಲದ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇಗರ್ಜಿಗೆ ಹೊತ್ತು ತರಬೇಕಾಯಿತು. ಕ್ಷಯಕ್ಕೆ ಮದ್ದಿಲ್ಲದ ಕಾಲ ಅದು. ಹವೆ ಬದಲಾದರೆ ಗುಣವಾದೀತೆಂಬ ಆಸೆಯಿಂದ ನಾಲ್ಕು ವರ್ಷ ಅವಳನ್ನು ಊರೂರಿಗೆ ಕರೆದೊಯ್ದನು. ಖರ್ಚಿಗಾಗಿ ಹಗಲಿರುಳು ಬರೆದನು, ಭಾಷಾಂತರ ಮಾಡಿದನು. ಅವನ ಕಣ್ಣುಗಳೂ ದುರ್ಬಲವಾದವು. 1873ರಲ್ಲಿ ಮದೈರಾ ದ್ವೀಪದಲ್ಲಿ ಅವಳು ತೀರಿಕೊಂಡಳು. ಸೂಕ್ಷ್ಮದರ್ಶಕವೇ ಜೀವನಾಧಾರವಾಗಿದ್ದವನಿಗೆ ಕಣ್ಣು ಮಂಜು, ಮನೆ ಬರಿದು. ಇಪ್ಪತ್ತೆಂಟರ ಆ ಪ್ರಾಯದಲ್ಲಿ ಅವನು ಬದುಕನ್ನೇ ಕೊನೆಗಾಣಿಸಲು ಹೊರಟು, ಅದೃಷ್ಟವಶಾತ್ ಉಳಿದುಕೊಂಡನು. ಆ ದಿನಗಳಲ್ಲೊಂದು ರಾತ್ರಿ ದೀಪದ ಸುತ್ತ ಹಾರುತ್ತಿದ್ದ ಅಲ್ಪಾಯುಷಿ ಕೀಟಗಳನ್ನು ಕಂಡು, ಕೆಲವೇ ಗಂಟೆ ಬದುಕುವ ಈ ಜೀವಿಗಳಿಗೆ ಪ್ರಕೃತಿಯ ಆಯ್ಕೆಯ ನಿಯಮ ಹೇಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆ ಅವನ ತಲೆಗೆ ಹೊಳೆಯಿತೆಂದು ಅವನ ಜೀವನ ಚರಿತ್ರೆ ಹೇಳುತ್ತದೆ. ಪ್ರಶ್ನೆ ಹೊಳೆದೊಡನೆ ದುಃಖ ಹೋಗಲಿಲ್ಲ, ಆದರೆ ಮನಸ್ಸಿಗೆ ಒಂದು ಕೆಲಸ ಸಿಕ್ಕಿತು. ಅದು ಅವನನ್ನು ಮತ್ತೆ ಬದುಕಿನ ಕಡೆಗೆ ಎಳೆದು ತಂದಿತು.

1875ರಲ್ಲಿ ಅವನು ಓಲ್ಗಾ ಎಂಬ ತರುಣಿಯನ್ನು ಮದುವೆಯಾದನು. ಅವಳು ಚಿತ್ರಕಲೆಯಲ್ಲಿಯೂ ಶಿಲ್ಪದಲ್ಲಿಯೂ ಪರಿಣತಿ ಪಡೆದಳು, ಗಂಡನ ಸಂಶೋಧನೆಗೂ ನೆರವಾದಳು, ಕೊನೆಗೆ ಅವನ ಜೀವನ ಚರಿತ್ರೆಯನ್ನೂ ಬರೆದಳು. 1881ರಲ್ಲಿ ರಷ್ಯದ ಚಕ್ರವರ್ತಿಯ ಕೊಲೆಯಾದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಗಲಭೆ, ದಬ್ಬಾಳಿಕೆಗಳು ಹೆಚ್ಚಿದವು. ಬೇಸತ್ತ ಮೆಚ್ನಿಕಾಫ್ 1882ರಲ್ಲಿ ಹುದ್ದೆಗೆ ರಾಜೀನಾಮೆಯಿತ್ತು, ಓಲ್ಗಾ ಮತ್ತು ಅವಳ ತಮ್ಮ ತಂಗಿಯರೊಡನೆ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಎಂಬ ಕಡಲತೀರದ ಊರಿಗೆ ಹೋದನು. ಕೈಯಲ್ಲಿ ಉದ್ಯೋಗವಿರಲಿಲ್ಲ, ಪ್ರಯೋಗಶಾಲೆಯೆಂದರೆ ಬಾಡಿಗೆ ಮನೆಯ ಹಜಾರ, ಒಂದು ಸೂಕ್ಷ್ಮದರ್ಶಕ.

ಮುಳ್ಳು ಹೇಳಿದ ಸತ್ಯ

ಅದೇ ವರ್ಷದ ಡಿಸೆಂಬರ್ ತಿಂಗಳು. ಒಂದು ದಿನ ಮನೆಯವರೆಲ್ಲ ಪಳಗಿದ ಕಪಿಗಳ ಆಟ ನೋಡಲು ಸರ್ಕಸ್ಸಿಗೆ ಹೋಗಿದ್ದರು. ಮೆಚ್ನಿಕಾಫ್ ಒಬ್ಬನೇ ಕುಳಿತು ನಕ್ಷತ್ರಮೀನಿನ ಮರಿಯನ್ನು ಪರೀಕ್ಷಿಸುತ್ತಿದ್ದನು. ಆ ಮರಿಯ ಮೈ ಗಾಜಿನಂತೆ ಪಾರದರ್ಶಕ; ಒಳಗೆ ಅತ್ತಿತ್ತ ಚಲಿಸುವ ಕೋಶಗಳು ಸ್ಪಷ್ಟವಾಗಿ ಕಾಣುತ್ತವೆ. ಈ ಅಲೆಮಾರಿ ಕೋಶಗಳು ಆಹಾರವನ್ನು ನುಂಗುವುದು ಅವನಿಗೆ ತಿಳಿದಿತ್ತು. ಹಾಗಾದರೆ ಅವು ಹೊರಗಿನಿಂದ ಬಂದ ಶತ್ರುವನ್ನೂ ನುಂಗಲಾರವೇ ಎಂಬ ಆಲೋಚನೆ ಮಿಂಚಿನಂತೆ ಬಂತು. ಆಲೋಚನೆಯನ್ನು ಪರೀಕ್ಷಿಸುವ ದಾರಿಯೂ ಕೂಡಲೇ ಹೊಳೆಯಿತು. ತೋಟಕ್ಕಿಳಿದು ಗುಲಾಬಿ ಗಿಡದ ಕೆಲವು ಮುಳ್ಳುಗಳನ್ನು ತಂದು, ಆ ಮರಿಗಳ ಚರ್ಮದಡಿಗೆ ಚುಚ್ಚಿದನು. ರಾತ್ರಿಯಿಡೀ ಅವನಿಗೆ ನಿದ್ರೆ ಬರಲಿಲ್ಲ. ನಸುಕಿನಲ್ಲೆದ್ದು ನೋಡಿದಾಗ ಪ್ರತಿಯೊಂದು ಮುಳ್ಳಿನ ಸುತ್ತಲೂ ಕೋಶಗಳು ದಟ್ಟವಾಗಿ ಮುತ್ತಿಕೊಂಡಿದ್ದವು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ನಕ್ಷತ್ರಮೀನಿನ ಮರಿಗೆ ರಕ್ತನಾಳಗಳಿಲ್ಲ, ನರಮಂಡಲವೂ ಬೆಳೆದಿಲ್ಲ. ಆದರೂ ಕೋಶಗಳು ಮುಳ್ಳಿನತ್ತ ತಾವಾಗಿಯೇ ಬಂದಿದ್ದವು. ಆದ್ದರಿಂದ ಬಾವು ಎಂಬುದು ಬರಿಯ ರಕ್ತನಾಳಗಳ ಕೆಡುಕಲ್ಲ, ಅದು ದೇಹದ ರಕ್ಷಣಾಕಾರ್ಯ ಎಂಬ ನಿರ್ಣಯಕ್ಕೆ ಅವನು ಬಂದನು. ಮೆಸ್ಸಿನಾಕ್ಕೆ ಬಂದಿದ್ದ ಜರ್ಮನಿಯ ಪ್ರಸಿದ್ಧ ರೋಗಶಾಸ್ತ್ರಜ್ಞ ವಿರ್ಕೋ ಇದನ್ನು ಕೇಳಿ ಮೆಚ್ಚಿದನಾದರೂ, ವೈದ್ಯರ ನಂಬಿಕೆ ಇದಕ್ಕೆ ವಿರುದ್ಧವಾಗಿರುವುದರಿಂದ ಎಚ್ಚರದಿಂದ ಹೆಜ್ಜೆಯಿಡುವಂತೆ ಸಲಹೆಯಿತ್ತನು. 1883ರಲ್ಲಿ ಮೆಚ್ನಿಕಾಫ್ ತನ್ನ ವಿಚಾರವನ್ನು ಒಡೆಸ್ಸಾದಲ್ಲಿ ಸಭೆಯ ಮುಂದಿಟ್ಟನು. ನುಂಗುವ ಕೋಶಗಳಿಗೆ ಗ್ರೀಕ್ ಭಾಷೆಯಿಂದ ಫ್ಯಾಗೊಸೈಟ್ ಎಂಬ ಹೆಸರು ಬಂತು. ನಾವು ಭಕ್ಷಕ ಕೋಶಗಳೆನ್ನಬಹುದು. ಅವುಗಳಲ್ಲಿ ಗಾತ್ರದಲ್ಲಿ ದೊಡ್ಡವಾದವನ್ನು ಅವನು ಮ್ಯಾಕ್ರೊಫೇಜ್ ಎಂದರೆ ಮಹಾಭಕ್ಷಕಗಳೆಂದು ಕರೆದನು. 1884ರಲ್ಲಿ ನೀರುಚಿಗಟವೆಂಬ ಪುಟ್ಟ ಜೀವಿಯ ಮೈಹೊಕ್ಕ ಶಿಲೀಂಧ್ರವನ್ನು ಭಕ್ಷಕ ಕೋಶಗಳು ಸುತ್ತುವರಿದು ನಾಶಮಾಡುವುದನ್ನೂ ತೋರಿಸಿದನು. ಕೋಶಗಳು ಗೆದ್ದರೆ ಜೀವಿ ಬದುಕುತ್ತಿತ್ತು, ಶಿಲೀಂಧ್ರ ಗೆದ್ದರೆ ಸಾಯುತ್ತಿತ್ತು.

ವಿರೋಧ ಮತ್ತು ವಿಜಯ

1886ರಲ್ಲಿ ಒಡೆಸ್ಸಾದಲ್ಲಿ ಹುಚ್ಚುನಾಯಿ ಕಡಿತದ ಲಸಿಕೆ ಕೊಡಲು ತೆರೆದ ಸಂಸ್ಥೆಗೆ ಅವನನ್ನು ಮುಖ್ಯಸ್ಥನನ್ನಾಗಿ ಮಾಡಿದರು. ಆದರೆ ವೈದ್ಯಪದವಿಯಿಲ್ಲದವನು ಲಸಿಕೆಯ ಉಸ್ತುವಾರಿ ಮಾಡುವುದೇ ಎಂದು ಅಲ್ಲಿಯ ವೈದ್ಯರು ತಕರಾರೆತ್ತಿದರು. ಅವನು ಊರಲ್ಲಿಲ್ಲದಾಗ ಕೊಟ್ಟ ನೆರಡಿ ರೋಗದ ಲಸಿಕೆಯಿಂದ ಸಾವಿರಾರು ಕುರಿಗಳು ಸತ್ತು ದೊಡ್ಡ ಗದ್ದಲವಾಯಿತು. 1888ರಲ್ಲಿ ಅವನು ರಷ್ಯವನ್ನು ಬಿಟ್ಟು ಪ್ಯಾರಿಸಿಗೆ ಹೋದನು. ಲೂಯಿ ಪಾಶ್ಚರ್ ಅವನನ್ನು ಆದರದಿಂದ ಬರಮಾಡಿಕೊಂಡು, ಆಗತಾನೇ ಆರಂಭವಾಗುತ್ತಿದ್ದ ತನ್ನ ಸಂಸ್ಥೆಯಲ್ಲಿ ಪ್ರಯೋಗಶಾಲೆ ಕೊಟ್ಟನು. ಮುಂದಿನ ಇಪ್ಪತ್ತೆಂಟು ವರ್ಷ ಅದೇ ಅವನ ಮನೆಯಾಯಿತು.

ಅಲ್ಲಿಯೂ ಹೋರಾಟ ತಪ್ಪಲಿಲ್ಲ. ರೋಗಾಣುಗಳನ್ನು ಕೊಲ್ಲುವುದು ಕೋಶಗಳಲ್ಲ, ರಕ್ತದ ದ್ರವದಲ್ಲಿರುವ ವಸ್ತುಗಳು ಎಂದು ಜರ್ಮನಿಯ ವಿಜ್ಞಾನಿಗಳು ವಾದಿಸಿದರು. 1890ರಲ್ಲಿ ಬೇರಿಂಗ್ ಮತ್ತು ಜಪಾನಿನ ಕಿಟಾಸಾಟೊ ರಕ್ತದ್ರವದಲ್ಲಿ ವಿಷವನ್ನು ಅಡಗಿಸುವ ಶಕ್ತಿಯಿದೆಯೆಂದು ತೋರಿಸಿದಾಗ ಮೆಚ್ನಿಕಾಫನ ಪಕ್ಷ ಸೋತಂತೆಯೇ ಕಂಡಿತು. ಅವನು ಧೃತಿಗೆಡಲಿಲ್ಲ. ಪ್ರತಿಯೊಂದು ಆಕ್ಷೇಪಕ್ಕೂ ಹೊಸ ಪ್ರಯೋಗದಿಂದಲೇ ಉತ್ತರ ಕೊಡುತ್ತ ಹೋದನು. 1901ರಲ್ಲಿ ತನ್ನ ಕೆಲಸವನ್ನೆಲ್ಲ ಕ್ರೋಡೀಕರಿಸಿ ದೊಡ್ಡ ಗ್ರಂಥ ಬರೆದನು. 1903ರಲ್ಲಿ ಇಂಗ್ಲೆಂಡಿನ ರೈಟ್ ಮತ್ತು ಡಗ್ಲಸ್ ಎಂಬವರು ರಕ್ತದ್ರವದ ವಸ್ತುಗಳು ರೋಗಾಣುಗಳಿಗೆ ಅಂಟಿಕೊಂಡು, ಭಕ್ಷಕ ಕೋಶಗಳು ಅವನ್ನು ಸುಲಭವಾಗಿ ನುಂಗುವಂತೆ ಮಾಡುತ್ತವೆಂದು ತೋರಿಸಿದರು. ಎರಡು ಪಕ್ಷಗಳೂ ಒಂದೇ ಸತ್ಯದ ಎರಡು ಮುಖಗಳನ್ನು ಹಿಡಿದಿದ್ದವು. 1908ರ ನೊಬೆಲ್ ಪಾರಿತೋಷಕವನ್ನು ಮೆಚ್ನಿಕಾಫನಿಗೂ, ರಕ್ತದ್ರವದ ಪಕ್ಷದ ಮುಖಂಡನಾದ ಪೌಲ್ ಏರ್ಲಿಕ್‌ಗೂ ಒಟ್ಟಿಗೆ ಹಂಚಿದುದು ಅರ್ಥಪೂರ್ಣವಾಗಿತ್ತು.

ಮೆಚ್ನಿಕಾಫನಿಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ಒಡೆಸ್ಸಾದಲ್ಲಿ ಅವನಿಂದ ಪಾಠ ಕಲಿತು, ಪ್ಯಾರಿಸಿಗೂ ಅವನ ಹಿಂದೆ ಬಂದ ಹಾಫ್ಕಿನ್ ಎಂಬ ಶಿಷ್ಯ 1893ರಲ್ಲಿ ಕಾಲರಾ ಲಸಿಕೆಯೊಡನೆ ಕಲ್ಕತ್ತೆಗೆ ಬಂದನು. 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ತಯಾರಿಸಿ ಮೊದಲು ತನ್ನ ಮೈಗೇ ಚುಚ್ಚಿಕೊಂಡನು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಸಾವಿರಾರು ಮಂದಿಗೆ ಚುಚ್ಚಿದ್ದು ಅವನ ಲಸಿಕೆಯನ್ನೇ. ಮುಂಬಯಿಯ ಪರೇಲಿನಲ್ಲಿರುವ ಸಂಸ್ಥೆಗೆ ಅವನ ಹೆಸರಿದೆ.

ಕೊನೆಯ ವರ್ಷಗಳು

ಮುಪ್ಪಿನ ಕಾರಣವೇನೆಂಬುದು ಮೆಚ್ನಿಕಾಫನ ಕೊನೆಯ ವರ್ಷಗಳ ಚಿಂತನೆ. ದೊಡ್ಡ ಕರುಳಿನಲ್ಲಿ ಕೊಳೆಯಿಸುವ ಜೀವಾಣುಗಳು ವಿಷವನ್ನುಂಟುಮಾಡಿ ದೇಹವನ್ನು ಸವೆಸುತ್ತವೆ ಎಂದು ಅವನು ಊಹಿಸಿದನು. ಹುಳಿ ಹಾಲಿನ ಜೀವಾಣುಗಳು ಅವನ್ನು ತಡೆಯಬಹುದೆಂದು ತಾನೂ ದಿನವೂ ಹುಳಿ ಹಾಲನ್ನು ಕುಡಿಯುತ್ತಿದ್ದನು. ಮೊಸರು ಮಜ್ಜಿಗೆಗಳಿಲ್ಲದೆ ಊಟವೇ ಮುಗಿಯದ ನಮಗೆ ಇದು ವಿಚಿತ್ರವೆನಿಸದು! ಇದರಿಂದ ಆಯುಸ್ಸು ಹೆಚ್ಚುವುದೆಂಬುದು ಸಿದ್ಧವಾಗಲಿಲ್ಲ. ಆದರೆ ಕರುಳಿನ ಜೀವಾಣುಗಳು ನಮ್ಮ ಆರೋಗ್ಯದಲ್ಲಿ ದೊಡ್ಡ ಪಾತ್ರ ವಹಿಸುತ್ತವೆಂಬ ಅವನ ಮೂಲ ದೃಷ್ಟಿ ಇಂದು ದೊಡ್ಡ ಶಾಸ್ತ್ರವಾಗಿ ಬೆಳೆದಿದೆ. ಮೊದಲನೆಯ ಮಹಾಯುದ್ಧದ ನಡುವೆ, 1916ರ ಜುಲೈ 15ರಂದು, ಹೃದಯದ ಕಾಯಿಲೆಯಿಂದ ಅವನು ತೀರಿಕೊಂಡನು. ಅವನ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿಯೇ ಇರಿಸಲಾಗಿದೆ.

ಬೀಜ ಮರವಾದ ಬಗೆ

ಮೆಚ್ನಿಕಾಫ್ ಕಂಡ ಕಾವಲುಗಾರರು ದೇಹದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಠಾಣೆ ಹೂಡಿರುವ ಜಾಗ ಯಾವುದು ಗೊತ್ತೇ? ಪಿತ್ತಜನಕಾಂಗ, ಎಂದರೆ ನಾವು ಲಿವರ್ ಎನ್ನುವ ಅಂಗ. ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗಕ್ಕೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುತ್ತದೆ. ಉಂಡ ಆಹಾರದ ಸಾರದೊಡನೆ ಜೀವಾಣುಗಳ ಚೂರುಗಳೂ ಬರುತ್ತವೆ. ಗಡಿಯ ತನಿಖಾ ಠಾಣೆಯಲ್ಲಿ ಪ್ರತಿ ಗಾಡಿಯನ್ನು ತಡೆದು ನೋಡುವಂತೆ, ಇಲ್ಲಿಯ ಸಣ್ಣ ರಕ್ತನಾಳಗಳಲ್ಲಿ ಕುಳಿತ ಮಹಾಭಕ್ಷಕಗಳು ಹರಿದು ಬರುವ ರಕ್ತವನ್ನು ಶೋಧಿಸುತ್ತವೆ. ದೇಹದ ಅಂಗಾಂಗಗಳಲ್ಲಿ ನೆಲೆನಿಂತ ಮಹಾಭಕ್ಷಕಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಇಲ್ಲಿಯೇ ಇವೆಯೆಂದು ಅಂದಾಜು. ಇವುಗಳಿಗೆ ಕುಫರ್ ಕೋಶಗಳೆಂದು ಹೆಸರು. ಜರ್ಮನ್ ವಿದ್ವಾಂಸ ಕುಫರ್ 1876ರಲ್ಲಿ ಪಿತ್ತಜನಕಾಂಗಕ್ಕೆ ಚಿನ್ನದ ಲವಣದ ಬಣ್ಣ ಕೊಟ್ಟು ನಕ್ಷತ್ರಾಕಾರದ ಕೋಶಗಳನ್ನು ಕಂಡಿದ್ದನು. ಮುಂದೆ 1898ರ ಹೊತ್ತಿಗೆ, ಕಣಗಳನ್ನು ನುಂಗುವ ಕೋಶಗಳೂ ಇವೇ ಎಂದು ತಿಳಿದನು. ವಾಸ್ತವವಾಗಿ ಅವು ಎರಡು ಬೇರೆ ಬೇರೆ ಜಾತಿಯ ಕೋಶಗಳು. ನಕ್ಷತ್ರಾಕಾರದವು ಕೊಬ್ಬು ಮತ್ತು ಎ ಜೀವಸತ್ವವನ್ನು ಕೂಡಿಡುವ ಕೋಶಗಳು. ಈ ಗೊಂದಲವನ್ನು 1971ರಲ್ಲಿ ಜಪಾನಿನ ವಾಕೆ ಎಂಬ ವಿಜ್ಞಾನಿ ಬಿಡಿಸಿದನು.

ಇಂದು ತಿಳಿದಿರುವಂತೆ ಈ ಠಾಣೆಯಲ್ಲಿ ಒಂದೇ ಬಗೆಯ ಕಾವಲುಗಾರರಿಲ್ಲ. ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ನ್ಯಾಚುರಲ್ ಕಿಲ್ಲರ್ ಕೋಶಗಳು, ಗುರುತು ಹಿಡಿದು ದಾಳಿಮಾಡುವ ಟಿ ಕೋಶಗಳು, ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳು ಹೀಗೆ ಹಲವು ಪಡೆಗಳಿವೆ. 2018ರಲ್ಲಿ ಕೆನಡದ ಟೊರೊಂಟೊದ ವಿಜ್ಞಾನಿಗಳು ಐವರು ದಾನಿಗಳ ಪಿತ್ತಜನಕಾಂಗದಿಂದ 8444 ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿ 20 ಗುಂಪುಗಳನ್ನು ಗುರುತಿಸಿದರು. ಮಹಾಭಕ್ಷಕಗಳಲ್ಲೇ ಎರಡು ಸ್ವಭಾವ ಕಂಡಿತು. ಒಂದು ಬಾವನ್ನೆಬ್ಬಿಸುವಂಥದು, ಇನ್ನೊಂದು ಸಮಾಧಾನಪಡಿಸುವಂಥದು. ಆರೋಗ್ಯದಲ್ಲಿ ಈ ಎರಡನೆಯ ಗುಣವೂ ಬಹಳ ಮುಖ್ಯ. ಕರುಳಿನಿಂದ ಬರುವ ಪ್ರತಿಯೊಂದು ಚೂರಿಗೂ ಪಿತ್ತಜನಕಾಂಗ ಯುದ್ಧ ಸಾರಿದರೆ ಅದು ಕೆಲವೇ ದಿನಗಳಲ್ಲಿ ತಾನೇ ಹಾಳಾಗುತ್ತದೆ.

ರೋಗ ಬಂದಾಗ ಆಗುವುದೂ ಇದೇ. ಹೆಪಟೈಟಿಸ್ ಬಿ ವೈರಸ್ಸಿನಿಂದ ಬರುವ ಕಾಮಾಲೆಯಲ್ಲಿ ಕೋಶಗಳನ್ನು ಹೆಚ್ಚಾಗಿ ನಾಶಮಾಡುವುದು ವೈರಸ್ಸಲ್ಲ, ಅದನ್ನು ಹುಡುಕಿಕೊಂಡು ಬಂದ ನಮ್ಮದೇ ಟಿ ಕೋಶಗಳು. ಮದ್ಯ ಅಥವಾ ಕೊಬ್ಬು ಪಿತ್ತಜನಕಾಂಗವನ್ನು ವರ್ಷಗಟ್ಟಲೆ ನೋಯಿಸಿದರೆ ಹಳೆಯ ಕುಫರ್ ಕೋಶಗಳು ಕಡಿಮೆಯಾಗಿ, ರಕ್ತದಿಂದ ಹೊಸ ಮಹಾಭಕ್ಷಕಗಳು ಬಂದು ಆ ಜಾಗ ಹಿಡಿಯುತ್ತವೆ. ಇವುಗಳಲ್ಲಿ ಕೆಲವು ಕುಫರ್ ಮೊದಲು ಕಂಡ ನಕ್ಷತ್ರಾಕಾರದ ಕೋಶಗಳನ್ನು ಕೆರಳಿಸುತ್ತವೆ. ಕೆರಳಿದ ಆ ಕೋಶಗಳು ನಾರಿನಂತಹ ಕಲೆಯನ್ನು ನೇಯುತ್ತ ಹೋಗುತ್ತವೆ. ಮೆತ್ತಗಿದ್ದ ಅಂಗ ಗಟ್ಟಿಯಾಗುತ್ತದೆ, ಇದೇ ಸಿರೋಸಿಸ್. ಈ ಕಲೆಯ ಜಾಗದಲ್ಲಿ ಸೇರಿಕೊಳ್ಳುವ ವಿಶೇಷ ಮಹಾಭಕ್ಷಕಗಳನ್ನು 2019ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋದ ಸಂಶೋಧಕರು ಗುರುತಿಸಿದರು. ಇಂಥ ಕೋಶಗಳನ್ನು ಸರಿದಾರಿಗೆ ತರುವ ಮದ್ದಿಗಾಗಿ ಹುಡುಕಾಟ ನಡೆದಿದೆ.

ತಂದೆತಾಯಿಯರು ಗಮನಿಸಬೇಕಾದ ಮಾತೊಂದಿದೆ. ಹೆಪಟೈಟಿಸ್ ಬಿ ರೋಗವನ್ನು ತಡೆಯುವ ಲಸಿಕೆ ಇದೆ. ಮಗು ಹುಟ್ಟಿದ 24 ಗಂಟೆಗಳೊಳಗೆ ಅದರ ಮೊದಲ ಚುಚ್ಚುಮದ್ದನ್ನು ಕೊಡಿಸಬೇಕು. ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ಎ ಕಾಮಾಲೆಯನ್ನು ನೀರು ಕುದಿಸಿ ಕುಡಿದು ದೂರವಿಡಬಹುದು. ಮದ್ಯದ ಮಾತನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮೊಳಗಿನ ಕಾವಲುಗಾರರು ಎಷ್ಟೇ ನಿಷ್ಠರಾಗಿದ್ದರೂ ಮನೆಯ ಯಜಮಾನನೇ ದಿನವೂ ಬಾಗಿಲು ಮುರಿಯುತ್ತಿದ್ದರೆ ಅವರೇನು ಮಾಡಿಯಾರು?

ವಿದ್ಯಾರ್ಥಿಗಳೇ, ಮೆಚ್ನಿಕಾಫನ ಬಾಳಿನಿಂದ ನಾವು ಕಲಿಯಬೇಕಾದ್ದು ಬಹಳವಿದೆ. ಅವನು ರಷ್ಯನ್, ಜರ್ಮನ್, ಫ್ರೆಂಚ್ ಮೂರು ಭಾಷೆಗಳಲ್ಲಿಯೂ ಬರೆದನು. ಒಂದು ದೇಶದಲ್ಲಿ ಹುಟ್ಟಿ, ಇನ್ನೊಂದರಲ್ಲಿ ಕಲಿತು, ಮತ್ತೊಂದರಲ್ಲಿ ದುಡಿದನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ಗಡಿನಾಡಿನ ಮಕ್ಕಳಾದ ನೀವು ಹಲವು ಭಾಷೆಗಳು ಭಾರವೆಂದು ಬೇಸರಪಡಬೇಕಾಗಿಲ್ಲ. ಅವನಿಗೆ ದೊಡ್ಡ ಯಂತ್ರಗಳಿರಲಿಲ್ಲ. ಸಮುದ್ರದ ಮರಿಜೀವಿ, ಗುಲಾಬಿಯ ಮುಳ್ಳು, ಒಂದು ಒಳ್ಳೆಯ ಪ್ರಶ್ನೆ ಇಷ್ಟೇ ಇದ್ದುದು. ನಮ್ಮ ಊರಿನ ಕಡಲು, ಹೊಳೆ, ತೋಡುಗಳಲ್ಲಿಯೂ ನೋಡುವ ಕಣ್ಣಿಗಾಗಿ ಕಾದಿರುವ ಜೀವಿಗಳು ಎಷ್ಟೋ ಇವೆ. ಎರಡು ಬಾರಿ ಬದುಕೇ ಬೇಡವೆನಿಸುವಷ್ಟು ಕುಸಿದವನು ಮತ್ತೆ ಎದ್ದು, ಎಪ್ಪತ್ತೊಂದು ವರ್ಷ ಬಾಳಿ, ಜಗತ್ತಿಗೆ ಇಷ್ಟು ದೊಡ್ಡ ಕೊಡುಗೆ ಕೊಟ್ಟನು. ಪರೀಕ್ಷೆಯಲ್ಲಿ ಸೋತಾಗ, ಮನೆಯಲ್ಲಿ ಕಷ್ಟ ಬಂದಾಗ ಇದನ್ನು ನೆನೆಯಿರಿ. ಮನಸ್ಸು ಭಾರವಾದಾಗ ಅದನ್ನು ಒಳಗೇ ಇಟ್ಟುಕೊಳ್ಳದೆ ತಂದೆತಾಯಿಯರಿಗೋ ಅಧ್ಯಾಪಕರಿಗೋ ಹೇಳಿಕೊಳ್ಳಿ. ಮರುದಿನದ ಕೆಲಸವೊಂದನ್ನು ಕೈಗೆತ್ತಿಕೊಳ್ಳಿ. ಮೆಚ್ನಿಕಾಫನಿಗೆ ಮೆಸ್ಸಿನಾದ ಆ ಬೆಳಗು ಸಿಕ್ಕಿದ್ದು ಅವನು ಅಲ್ಲಿಯವರೆಗೆ ಬದುಕಿ ಉಳಿದುದರಿಂದಲೇ.